ಆಡಿಟ್ ಕಚೇರಿಯ ರೌಟರ್‌ನಲ್ಲಿ ಮೂರು ಜಾಲಗಳು: ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಲೆಕ್ಕಪರಿಶೋಧಕರ ಕಚೇರಿಯ ಜಾಲವನ್ನು ಕಮಾಂಡ್ ಲೈನ್ ಮೂಲಕ, ಅಂದರೆ ಆಜ್ಞೆಗಳನ್ನು ಟೈಪ್ ಮಾಡಿ, ಮರುಹೊಂದಿಸಿದ ಸಂದರ್ಭವನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಕಚೇರಿಯ ಗುರುತು ಹೊರಬೀಳದಿರಲೆಂದು ಊರನ್ನೂ ವ್ಯಕ್ತಿಗಳ ವಿವರಗಳನ್ನೂ ಮರೆಮಾಡಿದ್ದೇನೆ. ಕೆಲಸ ನಡೆದ ಕ್ರಮವನ್ನು ಮಾತ್ರ ನಡೆದಂತೆಯೇ ಇಟ್ಟಿದ್ದೇನೆ. ಅದರಲ್ಲಿ ನನ್ನ ಎರಡು ತಪ್ಪುಗಳೂ ಸೇರಿವೆ. ಈ ಬರಹ ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವುದಾದರೆ ಆ ಎರಡು ತಪ್ಪುಗಳಿಂದಲೇ ಹೆಚ್ಚು ಬರುತ್ತದೆ ಎಂದು ನಂಬಿದ್ದೇನೆ.

ಕಚೇರಿಯಲ್ಲಿ 11 ಮಂದಿ ಇದ್ದಾರೆ. ಲೆಕ್ಕಪತ್ರ ತಂತ್ರಾಂಶ ಟ್ಯಾಲಿ ಇರುವ ಒಂದು ಸರ್ವರ್ ಕಂಪ್ಯೂಟರ್, ಎಂಟು ಡೆಸ್ಕ್‌ಟಾಪ್, ಒಂದು ಪ್ರಿಂಟರ್, ಕ್ಯಾಮೆರಾಗಳ ರೆಕಾರ್ಡರ್ ಪೆಟ್ಟಿಗೆ, ಬೆರಳಚ್ಚಿನ ಹಾಜರಾತಿ ಯಂತ್ರ, ಮೂರು ಲ್ಯಾಪ್‌ಟಾಪ್ ಅಲ್ಲಿನ ಸರಂಜಾಮು. ಇವೆಲ್ಲಕ್ಕೂ ಒಂದೇ ರೌಟರ್, ಒಂದೇ ವೈ-ಫೈ, ಒಂದೇ ಪಾಸ್‌ವರ್ಡ್. ಆ ಪಾಸ್‌ವರ್ಡನ್ನು ಎರಡು ವರ್ಷಗಳಿಂದ ಮುಂಭಾಗದ ಮೇಜಿನ ಪಕ್ಕದ ಗೋಡೆಗೆ ಅಂಟಿಸಲಾಗಿತ್ತು. ರೌಟರ್‌ನಲ್ಲಿ ನಾನೇ ಹಿಂದೊಮ್ಮೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟಿದ್ದೆ. ನಾನಿರುವುದು ಅಲ್ಲಿಂದ ಸುಮಾರು 90 ಕಿಲೋಮೀಟರ್ ದೂರದಲ್ಲಾದ್ದರಿಂದ, ಅಲ್ಲಿನ ಒಂದು ಡೆಸ್ಕ್‌ಟಾಪ್‌ಗೆ ದೂರನಿಯಂತ್ರಣ ತಂತ್ರಾಂಶದಿಂದ ಪ್ರವೇಶಿಸಿ, ಆ ಡೆಸ್ಕ್‌ಟಾಪ್‌ನಿಂದ ರೌಟರ್‌ಗೆ ಎಸ್‌ಎಸ್‌ಎಚ್ (ದೂರದಿಂದ ಆಜ್ಞೆ ಕೊಡುವ ಸುರಕ್ಷಿತ ಸಂಪರ್ಕ) ಮಾಡುವುದು ರೂಢಿಯಾಗಿತ್ತು. ಹೊರಗಿನಿಂದ ನೇರವಾಗಿ ರೌಟರನ್ನು ಮುಟ್ಟುವ ದಾರಿ ಇರಲಿಲ್ಲ. ಸೇವಾದಾರರು ಕೊಟ್ಟಿದ್ದ ವಿಳಾಸವು 100.64ರಿಂದ 100.127ರವರೆಗಿನ ಹಂಚಿಕೆಯ ಶ್ರೇಣಿಯಲ್ಲಿತ್ತು, ಅಂದರೆ ಹಲವು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ನಿಂತಿದ್ದರು. ಈ ಒಂದು ಸಂಗತಿಗೆ ಮುಂದೆ ದೊಡ್ಡ ಬೆಲೆ ತೆರಬೇಕಾಯಿತು.

ಸಮಸ್ಯೆ

ಪ್ರತಿ ತಿಂಗಳ 11 ಮತ್ತು 20ನೇ ತಾರೀಖು ಇಂತಹ ಕಚೇರಿಗಳಿಗೆ ಉಸಿರು ಬಿಗಿಹಿಡಿಯುವ ದಿನಗಳು. ತಿಂಗಳಿಗೊಮ್ಮೆ ಸಲ್ಲಿಸುವ ಜಿಎಸ್‌ಟಿ ರಿಟರ್ನ್‌ಗಳಲ್ಲಿ ಜಿಎಸ್‌ಟಿಆರ್-1ಕ್ಕೆ ಹನ್ನೊಂದು, ಜಿಎಸ್‌ಟಿಆರ್-3ಬಿಗೆ ಇಪ್ಪತ್ತು ಕೊನೆಯ ದಿನ. ಆ ದಿನಗಳಲ್ಲೇ ಪೋರ್ಟಲ್ ಅರ್ಧಕ್ಕೆ ಲಾಗ್‌ಔಟ್ ಆಗುವುದು, ಫೈಲ್ ಏರಿಸುವಾಗ ನಿಂತುಹೋಗುವುದು ಹೆಚ್ಚಾಗಿತ್ತು. ಪೋರ್ಟಲ್‌ನದೇ ತೊಂದರೆ ಎಂದು ಎಲ್ಲರೂ ನಂಬಿದ್ದರು. ಕೆಲವು ಸಲ ಅದು ನಿಜವೂ ಇತ್ತು. ಆದರೆ ಪಕ್ಕದ ಅಂಗಡಿಯವರ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದೇ ಪೋರ್ಟಲ್ ಸಲೀಸಾಗಿ ತೆರೆದುಕೊಂಡ ದಿನ ಹಿರಿಯ ಆಡಿಟರ್ ನನಗೆ ಫೋನ್ ಮಾಡಿದರು.

ಒಳಹೊಕ್ಕು ಮೊದಲು ತೆರೆದದ್ದು ಡಿಎಚ್‌ಸಿಪಿ ಲೀಸ್‌ಗಳ ಫೈಲನ್ನು, ಅಂದರೆ ರೌಟರ್ ಯಾವ ಸಾಧನಕ್ಕೆ ಯಾವ ವಿಳಾಸ ಕೊಟ್ಟಿದೆ ಎಂಬ ಪಟ್ಟಿಯನ್ನು. ಆ ರೌಟರ್ ಮೂಲ ಹೊಂದಿಕೆಯಂತೆ ನೂರರಿಂದ ಆರಂಭಿಸಿ 150 ವಿಳಾಸಗಳನ್ನು, ತಲಾ 12 ಗಂಟೆಗೆ ಹಂಚುತ್ತಿತ್ತು. ಹನ್ನೊಂದು ಮಂದಿಯ ಕಚೇರಿಯಲ್ಲಿ 61 ವಿಳಾಸಗಳು ಬಳಕೆಯಲ್ಲಿದ್ದವು. ಸಾಲುಸಾಲಾಗಿ ಫೋನ್ ಮಾದರಿಗಳ ಹೆಸರು. ಬೆಳಗ್ಗೆಯಿಂದ ಬಂದುಹೋದ ಕಕ್ಷಿದಾರರು, ಅವರ ಜೊತೆಗಾರರು, ಕೆಳಗಿನ ಮಹಡಿಯ ಟೈಲರ್ ಅಂಗಡಿಯ ಹುಡುಗರು. ಆ ಫೋನ್‌ಗಳೆಲ್ಲ ಟ್ಯಾಲಿ ಸರ್ವರ್ ಇರುವ ಜಾಲದಲ್ಲೇ ಇದ್ದವು. ನೂರಾರು ಜನರ ಪ್ಯಾನ್ ಸಂಖ್ಯೆ, ಬ್ಯಾಂಕ್ ವಿವರ, ಆದಾಯದ ಲೆಕ್ಕ ಇರುವ ಕಂಪ್ಯೂಟರ್ ಅದು. ವೇಗಕ್ಕಿಂತ ಇದು ನನ್ನನ್ನು ಹೆಚ್ಚು ಕಾಡಿತು.

ವೇಗದ ಕಾರಣ ಬೇರೆಯೇ ಇತ್ತು. ಇಂಟರ್ನೆಟ್ ಸಾಲು ಬಿಡುವಾಗಿದ್ದಾಗ 12 ಮಿಲಿಸೆಕೆಂಡಿನಲ್ಲಿ ಬರುತ್ತಿದ್ದ ಪಿಂಗ್ (ಹೋಗಿಬರುವ ಸಮಯ ಅಳೆಯುವ ಪುಟ್ಟ ಸಂದೇಶ) ಉತ್ತರ, ಮಧ್ಯಾಹ್ನದ ಹೊತ್ತಿಗೆ 900 ದಾಟುತ್ತಿತ್ತು. ಕ್ಯಾಮೆರಾ ಪೆಟ್ಟಿಗೆ ಎಡೆಬಿಡದೆ ಕ್ಲೌಡ್‌ಗೆ ಚಿತ್ರ ಕಳುಹಿಸುತ್ತಿತ್ತು, ಫೋನ್‌ಗಳು ವೈ-ಫೈ ಸಿಕ್ಕ ಕೂಡಲೇ ಫೋಟೋಗಳನ್ನು ಬ್ಯಾಕಪ್ ಮಾಡತೊಡಗುತ್ತಿದ್ದವು. 20 ಎಂಬಿಪಿಎಸ್ ಅಪ್‌ಲೋಡ್ ಕಿಕ್ಕಿರಿದು, ರಿಟರ್ನ್ ಸಲ್ಲಿಸುವವರ ಪುಟ್ಟ ಕೋರಿಕೆಗಳು ಆ ಸಾಲಿನ ಬಾಲದಲ್ಲಿ ಕಾಯುತ್ತಿದ್ದವು.

ತೀರ್ಮಾನಗಳು

ಮೂರು ಪ್ರೊಫೈಲ್ ಮಾಡುವುದೆಂದು ನಿಶ್ಚಯಿಸಿದೆವು: ಕಚೇರಿ, ಅತಿಥಿ, ಸಾಧನ. ಪ್ರೊಫೈಲ್ ಎಂದರೆ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಒಂದೇ ಕಡೆ ಬರೆಯುವ ವಸ್ತುವಲ್ಲ. ನೆಟ್‌ವರ್ಕ್ ಫೈಲಿನಲ್ಲಿ ಒಂದು ಇಂಟರ್‌ಫೇಸ್ (ರೌಟರ್ ಆ ಜಾಲಕ್ಕೆ ತೆರೆಯುವ ಬಾಗಿಲು), ಡಿಎಚ್‌ಸಿಪಿ ಫೈಲಿನಲ್ಲಿ ಅದರ ವಿಳಾಸಗಳ ಹಂಚಿಕೆ, ಫೈರ್‌ವಾಲ್ ಫೈಲಿನಲ್ಲಿ ಅದರ ವಲಯ (ಅಲ್ಲಿಂದ ಎಲ್ಲಿಗೆ ಹೋಗಬಹುದೆಂಬ ನಿಯಮ), ವೈರ್‌ಲೆಸ್ ಫೈಲಿನಲ್ಲಿ ಅದರ ಹೆಸರು ಮತ್ತು ಪಾಸ್‌ವರ್ಡ್. ನಾಲ್ಕೂ ಒಂದಕ್ಕೊಂದು ಹೆಸರಿನಿಂದ ಕೊಂಡಿ ಬೆಸೆದುಕೊಂಡಾಗಲೇ ಒಂದು ಪ್ರೊಫೈಲ್ ಪೂರ್ಣವಾಗುತ್ತದೆ. ಒಂದರಲ್ಲಿ ಅಕ್ಷರ ತಪ್ಪಿದರೂ ಉಳಿದ ಮೂರು ಏನೂ ಆಗದಂತೆ ಸುಮ್ಮನಿರುತ್ತವೆ.

ಕಚೇರಿಯ ಜಾಲಕ್ಕೆ ಹಳೆಯ 192.168.1 ಶ್ರೇಣಿಯನ್ನೇ ಉಳಿಸಿದ್ದು ಒಂದು ಮುಖ್ಯ ತೀರ್ಮಾನ. ಸಂಖ್ಯೆಗಳು ಒಂದೇ ಕ್ರಮದಲ್ಲಿದ್ದರೆ ನೋಡಲು ಚೆನ್ನ ಎಂಬ ಆಸೆ ನನಗೂ ಇತ್ತು. ಆದರೆ ಟ್ಯಾಲಿ ಸರ್ವರ್‌ಗೂ ಪ್ರಿಂಟರ್‌ಗೂ ಹಿಂದೆ ಯಾರೋ ಕೈಯಿಂದ ವಿಳಾಸ ಕೊಟ್ಟಿದ್ದರು. ಅವನ್ನು ಬದಲಿಸಿದರೆ ಎಂಟು ಡೆಸ್ಕ್‌ಟಾಪ್‌ಗಳನ್ನೂ ಮುಟ್ಟಬೇಕಾಗುತ್ತಿತ್ತು. ಆದ್ದರಿಂದ ಹೊಸಬರಿಗೆ ಮಾತ್ರ ಹೊಸ ಸಂಖ್ಯೆ ಕೊಟ್ಟೆ: ಅತಿಥಿಗೆ 192.168.20, ಸಾಧನಗಳಿಗೆ 192.168.30. ಪ್ರಿಂಟರನ್ನು ಸಾಧನಗಳ ಜಾಲಕ್ಕೆ ಸಾಗಿಸದೆ ಕಚೇರಿಯಲ್ಲೇ ಬಿಟ್ಟೆ, ಏಕೆಂದರೆ ಕಂಪ್ಯೂಟರ್‌ಗಳು ಪ್ರಿಂಟರನ್ನು ತಾವಾಗಿ ಹುಡುಕಿಕೊಳ್ಳುವ ಕರೆ ತನ್ನ ಜಾಲದ ಗಡಿ ದಾಟಿ ಹೋಗುವುದಿಲ್ಲ.

ಕಮಾಂಡ್ ಲೈನನ್ನೇ ಆರಿಸಿಕೊಳ್ಳಲು ಕಾರಣವಿತ್ತು. ಎಲ್ಲ ಬದಲಾವಣೆಗಳನ್ನೂ ಒಂದು ಪಠ್ಯ ಫೈಲಿನಲ್ಲಿ ಬರೆದು, ಎರಡು ಸಲ ಓದಿ, ಓಪನ್‌ಡಬ್ಲ್ಯುಆರ್‌ಟಿಯ ಹೊಂದಿಕೆ ಬದಲಿಸುವ ‘ಯುಸಿಐ ಬ್ಯಾಚ್’ ಆಜ್ಞೆಗೆ ಒಟ್ಟಾಗಿ ಉಣಿಸಬಹುದು. ‘ಯುಸಿಐ ಚೇಂಜಸ್’ ಎಂದು ಕೇಳಿದರೆ ಇನ್ನೂ ಖಾಯಂ ಆಗದ ಬದಲಾವಣೆಗಳನ್ನು ಅದು ಸಾಲಾಗಿ ತೋರಿಸುತ್ತದೆ. ‘ಯುಸಿಐ ಕಮಿಟ್’ ಎಂದ ಮೇಲೆಯೇ ಅವು ಖಾಯಂ ಫೈಲಿಗೆ ಹೋಗುತ್ತವೆ. ಕಚೇರಿಗೆ ಬೇರೆ ಊರಿನಲ್ಲಿ ಒಂದು ಶಾಖೆಯೂ ಇದ್ದುದರಿಂದ ಅದೇ ಫೈಲನ್ನು ಅಲ್ಲಿಯೂ ಬಳಸುವ ಉದ್ದೇಶವಿತ್ತು. ಆದರೆ ಈ ಆಯ್ಕೆಯಲ್ಲಿ ನಾನು ಒಂದು ರಕ್ಷಣೆಯನ್ನು ಕಳೆದುಕೊಂಡಿದ್ದೆ. ಬ್ರೌಸರ್‌ನಲ್ಲಿ ತೆರೆಯುವ, ರೌಟರ್ ಹೊಂದಿಸುವ ಲೂಸಿ ಪುಟದಲ್ಲಿ ಬದಲಾವಣೆ ಜಾರಿ ಮಾಡಿದರೆ, 90 ಸೆಕೆಂಡಿನೊಳಗೆ ಬ್ರೌಸರ್ ರೌಟರನ್ನು ಮತ್ತೆ ಮುಟ್ಟಲಾಗದಿದ್ದಾಗ ಹಳೆಯ ಹೊಂದಿಕೆ ತಾನಾಗಿ ಮರಳುತ್ತದೆ. ಕಮಾಂಡ್ ಲೈನ್‌ನಲ್ಲಿ ಕಮಿಟ್ ಮಾಡಿ ನೆಟ್‌ವರ್ಕ್ ರೀಲೋಡ್ ಮಾಡಿದರೆ ಅಂತಹ ಕಾವಲು ಇಲ್ಲ. ಇದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದೂ ಏನೂ ಏರ್ಪಾಡು ಮಾಡಿಕೊಳ್ಳಲಿಲ್ಲ.

ಮೊದಲ ಪ್ರಯತ್ನ

ಆ ತಿಂಗಳ 17ರಂದು, ಊಟದ ಬಿಡುವಿನಲ್ಲಿ, ಹತ್ತು ನಿಮಿಷದ ಕೆಲಸವೆಂದು ಕೈಹಾಕಿದೆ. 20ಕ್ಕೆ ಮೂರೇ ದಿನ ಉಳಿದಿದ್ದಾಗ ಕೈಹಾಕಿದ್ದೇ ಮೊದಲ ತಪ್ಪು. ಆಡಿಟರ್ ಒಪ್ಪಿದ್ದರು, ಆದರೆ ಅವರು ಒಪ್ಪಿದ್ದು ನನ್ನ ಮಾತಿನ ಮೇಲಿನ ವಿಶ್ವಾಸದಿಂದ.

ಓಪನ್‌ಡಬ್ಲ್ಯುಆರ್‌ಟಿಯ 21.02ನೇ ಆವೃತ್ತಿಯಿಂದ ಈಚೆಗೆ ಹಲವು ರೌಟರ್‌ಗಳಲ್ಲಿ ಪೋರ್ಟ್‌ಗಳನ್ನು ವಿಂಗಡಿಸುವ ಕ್ರಮ ಬದಲಾಗಿದೆ. ಪೋರ್ಟ್‌ಗಳನ್ನು ಒಂದೇ ಜಾಲವಾಗಿ ಜೋಡಿಸುವ ಬ್ರಿಜ್‌ನ ಅಡಿಯಲ್ಲಿ, ಅದನ್ನು ಸಂಖ್ಯೆಗಳಿಂದ ಬೇರೆ ಬೇರೆ ಜಾಲಗಳಾಗಿ ಒಡೆಯುವ ಬ್ರಿಜ್-ವಿಲ್ಯಾನ್ ವಿಭಾಗಗಳನ್ನು ಬರೆದು, ಯಾವ ಪೋರ್ಟ್ ಯಾವ ಸಂಖ್ಯೆಗೆ ಸೇರುತ್ತದೆಂದು ಹೇಳಬೇಕು. ಮೊದಲ ಮತ್ತು ಎರಡನೇ ಪೋರ್ಟನ್ನು 10ನೇ ಸಂಖ್ಯೆಗೂ ಮೂರನೆಯದನ್ನು 30ಕ್ಕೂ ಹೊಂದಿಸಿದೆ. ಅಂತಹ ಒಂದು ವಿಭಾಗ ಬರೆದೊಡನೆ ಬ್ರಿಜ್ ವಿಲ್ಯಾನ್ ಸಂಖ್ಯೆಗಳನ್ನು ಸೋಸತೊಡಗುತ್ತದೆ. ಆಗ ಕಚೇರಿಯ ಇಂಟರ್‌ಫೇಸ್ ಬರಿಯ ಬ್ರಿಜ್ ಮೇಲೆ ಕುಳಿತಿರುವಂತಿಲ್ಲ, ‘ಬಿಆರ್-ಲ್ಯಾನ್ ಚುಕ್ಕೆ 10’ ಎಂಬ ಉಪಸಾಧನದ ಮೇಲೆ ಕೂರಬೇಕು. ನನ್ನ ಫೈಲಿನಲ್ಲಿ ಅತಿಥಿ ಮತ್ತು ಸಾಧನ ಇಂಟರ್‌ಫೇಸ್‌ಗಳಿಗೆ ಚುಕ್ಕೆ 20, ಚುಕ್ಕೆ 30 ಸರಿಯಾಗಿಯೇ ಇದ್ದವು. ಕಚೇರಿಯದು ಹಳೆಯದಾದ್ದರಿಂದ ಅದನ್ನು ಮುಟ್ಟುವ ಸಾಲೇ ಫೈಲಿನಲ್ಲಿರಲಿಲ್ಲ. ಹಳೆಯದನ್ನು ಹಾಗೆಯೇ ಉಳಿಸುವ ತೀರ್ಮಾನ ಎಷ್ಟು ಗಟ್ಟಿಯಾಗಿ ತಲೆಯಲ್ಲಿ ಕುಳಿತಿತ್ತೆಂದರೆ, ವಿಳಾಸ ಉಳಿಸಿಕೊಳ್ಳಲೆಂದೇ ಅದರ ಅಡಿಪಾಯವನ್ನು ಬದಲಿಸಬೇಕಿತ್ತು ಎಂಬುದು ಹೊಳೆಯಲಿಲ್ಲ.

ರೀಲೋಡ್ ಕೊಟ್ಟೆ. ದೂರನಿಯಂತ್ರಣದ ಪರದೆ ಹೆಪ್ಪುಗಟ್ಟಿದಂತೆ ನಿಂತಿತು. ನಾನು ಕುಳಿತಿದ್ದ ಕೊಂಬೆಯೇ ಅದು. ಆ ಡೆಸ್ಕ್‌ಟಾಪ್ ಕೂಡ ಕಚೇರಿಯ ಜಾಲದಲ್ಲಿತ್ತು.

ಕಚೇರಿಯ ಕಿರಿಯ ಸಹಾಯಕನಿಗೆ ಫೋನ್ ಮಾಡಿ, ರೌಟರನ್ನು ಫೇಲ್‌ಸೇಫ್ ಎಂಬ ತುರ್ತು ಚೇತರಿಕೆಯ ಸ್ಥಿತಿಗೆ ತರುವುದನ್ನು ವಿವರಿಸಿದೆ. ಬಿ.ಕಾಂ ಮುಗಿಸಿ ಆರು ತಿಂಗಳಾಗಿದ್ದ ಹುಡುಗ, ಕಪ್ಪು ಪರದೆಯನ್ನು ಹಿಂದೆಂದೂ ತೆರೆದವನಲ್ಲ. ರೌಟರ್ ಆರಿಸಿ ಹಚ್ಚಿ, ದೀಪ ಮಿನುಗತೊಡಗಿದಾಗ ಬಟನ್ ಒತ್ತಬೇಕು. ದೀಪ ಇನ್ನೂ ಬೇಗಬೇಗ ಮಿನುಗಿದರೆ ಒಳಗೆ ಹೋದಂತೆ. ಎರಡು ಸಲ ತಪ್ಪಿ ಮೂರನೆಯ ಸಲ ಆಯಿತು. ಕಂಪ್ಯೂಟರ್‌ಗೆ ಕೈಯಿಂದ 192.168.1.2 ವಿಳಾಸ ಕೊಟ್ಟು, ಕೇಬಲನ್ನು ನೇರ ರೌಟರ್‌ಗೆ ಸಿಕ್ಕಿಸಿ ಎಸ್‌ಎಸ್‌ಎಚ್ ಮಾಡಿದಾಗ, ರೌಟರ್‌ನ ಗುರುತು ಬದಲಾಗಿದೆ, ಯಾರೋ ಕದ್ದು ಕೇಳುತ್ತಿರಬಹುದು ಎಂಬ ದೊಡ್ಡಕ್ಷರಗಳ ಎಚ್ಚರಿಕೆ ಬಂತು. ಹುಡುಗ ಗಾಬರಿಯಾದ. ಫೇಲ್‌ಸೇಫ್‌ನಲ್ಲಿ ರೌಟರ್ ತಾತ್ಕಾಲಿಕವಾಗಿ ಹೊಸ ಕೀ ಬಳಸುವುದರಿಂದ ಹಾಗಾಗುವುದು ಸಹಜ. ಹಳೆಯ ಕೀಯನ್ನು ಅಳಿಸುವ ಆಜ್ಞೆಯನ್ನು ಅಕ್ಷರ ಬಿಡಿಸಿ ಹೇಳಿದೆ. ಒಳಹೊಕ್ಕ ಮೇಲೆ, ನಾನು ಬೆಳಗ್ಗೆ ರೌಟರ್‌ನಲ್ಲೇ ಇಟ್ಟಿದ್ದ ಹಳೆಯ ಫೈಲುಗಳ ಪ್ರತಿಯನ್ನು ಹುಡುಕಲು ಹೇಳಿದೆ.

“ಸರ್, ಈ ಫೋಲ್ಡರ್‌ನಲ್ಲಿ ಏನೂ ಇಲ್ಲ. ಖಾಲಿ ಇದೆ,” ಎಂದ.

ಒಂದು ಕ್ಷಣ ನನ್ನ ಕೈಕಾಲು ತಣ್ಣಗಾದವು. ಆಮೇಲೆ ನೆನಪಾಯಿತು: ಫೇಲ್‌ಸೇಫ್‌ನಲ್ಲಿ ಮೊದಲಿಗೆ ಕಾಣುವುದು ಫರ್ಮ್‌ವೇರ್ (ರೌಟರ್‌ನಲ್ಲಿ ಕೂರಿಸಿದ ತಂತ್ರಾಂಶ) ಜೊತೆ ಬಂದ, ಬರೆಯಲಾಗದ ಮೂಲ ಪದರ ಮಾತ್ರ, ನಾವು ಬರೆದದ್ದೆಲ್ಲ ಅದರ ಮೇಲಿನ ಪದರದಲ್ಲಿರುತ್ತದೆ, ‘ಮೌಂಟ್ ಅಂಡರ್‌ಸ್ಕೋರ್ ರೂಟ್’ ಎಂಬ ಆಜ್ಞೆ ಕೊಟ್ಟ ಮೇಲೆಯೇ ಅದು ಕಾಣುತ್ತದೆ. ಆಜ್ಞೆ ಕೊಟ್ಟ ಮೇಲೆ ಫೈಲುಗಳು ಕಂಡವು. ಹಳೆಯ ನೆಟ್‌ವರ್ಕ್ ಫೈಲನ್ನು ಅದರ ಜಾಗಕ್ಕೆ ನಕಲು ಮಾಡಿ ರೌಟರನ್ನು ಮರುಚಾಲನೆ ಮಾಡಿದ. ಕಚೇರಿ ಒಟ್ಟು 1 ಗಂಟೆ 40 ನಿಮಿಷ ಇಂಟರ್ನೆಟ್ ಇಲ್ಲದೆ ಕುಳಿತಿತ್ತು. ಆಡಿಟರ್ ಒಂದು ಮಾತೂ ಗಡುಸಾಗಿ ಆಡಲಿಲ್ಲ. “20 ಕಳೀಲಿ, ಆಮೇಲೆ ನೋಡೋಣ” ಎಂದರು ಅಷ್ಟೆ.

ಎರಡನೇ ಪ್ರಯತ್ನ

ಮುಂದಿನ ಶನಿವಾರ ಸಂಜೆ, ಎಲ್ಲರೂ ಮನೆಗೆ ಹೋದ ಮೇಲೆ, ಸಹಾಯಕ ಒಬ್ಬನನ್ನೇ ಉಳಿಸಿಕೊಂಡು ಮತ್ತೆ ಆರಂಭಿಸಿದೆ. ಈ ಸಲ ಎರಡು ಏರ್ಪಾಡು ಮಾಡಿದ್ದೆ. ಖಾಲಿಯಿದ್ದ ನಾಲ್ಕನೇ ಪೋರ್ಟನ್ನು ಬ್ರಿಜ್‌ನಿಂದ ಪೂರ್ತಿ ಹೊರತೆಗೆದು, ಅದಕ್ಕೆ 192.168.99.1 ಎಂಬ ಸ್ವಂತ ವಿಳಾಸ ಕೊಟ್ಟು ಮೊದಲೇ ಪರೀಕ್ಷಿಸಿದೆ. ಬ್ರಿಜ್‌ನಲ್ಲಿ ಏನೇ ಕೆಟ್ಟರೂ ಆ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ ರೌಟರ್‌ನೊಳಗೆ ಹೋಗಬಹುದು. ಎರಡನೆಯದು, ಲೂಸಿಯ ಕಾವಲನ್ನು ಕೈಯಿಂದ ಕಟ್ಟಿದ್ದು. ಹತ್ತು ನಿಮಿಷಕ್ಕೊಮ್ಮೆ ಓಡುವ ಒಂದು ಚಿಕ್ಕ ಸ್ಕ್ರಿಪ್ಟನ್ನು ಕ್ರಾನ್‌ಗೆ, ಅಂದರೆ ನಿಗದಿತ ಸಮಯಕ್ಕೆ ಓಡಬೇಕಾದ ಆಜ್ಞೆಗಳ ಪಟ್ಟಿಗೆ, ಸೇರಿಸಿದೆ. ಟೆಂಪ್ ಫೋಲ್ಡರಿನಲ್ಲಿ ‘ಸರಿ’ ಎಂಬ ಗುರುತಿನ ಫೈಲ್ ಇದ್ದರೆ ಅದು ಸುಮ್ಮನಿರುತ್ತದೆ. ಇಲ್ಲದಿದ್ದರೆ ನೆಟ್‌ವರ್ಕ್, ಡಿಎಚ್‌ಸಿಪಿ, ಫೈರ್‌ವಾಲ್ ಈ ಮೂರರ ಹಳೆಯ ಪ್ರತಿಗಳನ್ನು ಮರಳಿ ಹಾಕಿ, ಮತ್ತೆ ಮತ್ತೆ ಓಡದಂತೆ ಕ್ರಾನ್‌ನಿಂದ ತನ್ನ ಸಾಲನ್ನು ತಾನೇ ಅಳಿಸಿ, ರೌಟರನ್ನು ಮರುಚಾಲನೆ ಮಾಡುತ್ತದೆ. ಬದಲಾವಣೆ ಕೆಲಸ ಮಾಡಿದರೆ ನಾನು ಆ ಗುರುತಿನ ಫೈಲನ್ನು ಸೃಷ್ಟಿಸಬೇಕು, ಕೆಲಸ ಮಾಡದಿದ್ದರೆ ಕೈಕಟ್ಟಿ ಕುಳಿತರೆ ಸಾಕು.

ಕೆಲಸ ಮಾಡಿತು. ಬಿಟ್ಟುಹೋಗಿದ್ದ ಸಾಲು ಈ ಸಲ ಫೈಲಿನಲ್ಲಿತ್ತು. ರೀಲೋಡ್ ಆದಾಗ ಪರದೆ ಕೆಲವು ಸೆಕೆಂಡು ತಡವರಿಸಿ ಮತ್ತೆ ಜೀವ ತಳೆಯಿತು. ನಾನು ಗುರುತಿನ ಫೈಲ್ ಇಟ್ಟೆ.

ಫೈರ್‌ವಾಲ್‌ನಲ್ಲಿ ಒಂದು ಚಿಕ್ಕ ತೊಡಕು ಬಂತು. ಅತಿಥಿ ವಲಯದಿಂದ ರೌಟರ್‌ನ ಕಡೆಗೆ ಬರುವುದನ್ನೆಲ್ಲ ತಿರಸ್ಕರಿಸುವಂತೆ ಹೊಂದಿಸಿದ್ದೆ. ಹಾಗೆ ಮಾಡಿದಾಗ ವಿಳಾಸ ಕೇಳುವ 67ನೇ ಯುಡಿಪಿ ಪೋರ್ಟ್ ಮತ್ತು ಜಾಲತಾಣದ ಹೆಸರಿಗೆ ವಿಳಾಸ ಕೇಳುವ 53ನೇ ಪೋರ್ಟ್‌ಗಳನ್ನು (ಇವು ಕೇಬಲ್ ಸಿಕ್ಕಿಸುವ ಪೋರ್ಟ್‌ಗಳಲ್ಲ, ಸೇವೆಗಳ ಸಂಖ್ಯೆಗಳು) ಬೇರೆ ನಿಯಮಗಳಿಂದ ತೆರೆದುಕೊಡಬೇಕು. ಮೊದಲನೆಯದನ್ನು ಮರೆತಿದ್ದರಿಂದ, ಅತಿಥಿ ವೈ-ಫೈಗೆ ಸೇರಿಸಿದ ಲ್ಯಾಪ್‌ಟಾಪ್ 169.254ರಿಂದ ಆರಂಭವಾಗುವ ವಿಳಾಸವನ್ನು ತಾನೇ ಹಾಕಿಕೊಂಡು ಕುಳಿತಿತ್ತು. ಆ ಸಂಖ್ಯೆ ಕಂಡರೆ ಡಿಎಚ್‌ಸಿಪಿಯ ಉತ್ತರ ಬಂದಿಲ್ಲವೆಂದೇ ಅರ್ಥ. ಸಾಧನಗಳ ವಲಯಕ್ಕೆ ಇನ್ನೊಂದನ್ನೂ ತೆರೆದೆ: ಸಮಯ ಕೇಳುವ 123ನೇ ಪೋರ್ಟ್. ಇಂಟರ್ನೆಟ್ ಕಡಿದ ಹಾಜರಾತಿ ಯಂತ್ರದ ಗಡಿಯಾರ ದಿನಗಳೆದಂತೆ ಸರಿಯುತ್ತದೆ, ಆಗ ಯಾರದೋ ಹತ್ತು ಗಂಟೆ ಹತ್ತೂ ಐದಾಗುತ್ತದೆ. ಆದ್ದರಿಂದ ರೌಟರ್ ತಾನೇ ಸಮಯ ಹೇಳುವಂತೆ ಮಾಡಿದೆ. ಆಡಿಟರ್ ಮನೆಯಿಂದ ಕ್ಯಾಮೆರಾ ನೋಡಬೇಕೆಂದಿದ್ದರಿಂದ ರೆಕಾರ್ಡರ್ ಪೆಟ್ಟಿಗೆಗೆ ಮಾತ್ರ ಹೊರದಾರಿ ಕೊಟ್ಟೆ. ಕಚೇರಿಯಿಂದ ಸಾಧನಗಳ ಕಡೆಗೆ ಹೋಗಬಹುದು; ಸಾಧನಗಳಿಂದ ಕಚೇರಿಗೆ ಬರುವಂತಿಲ್ಲ.

ಜಾಲವನ್ನು ಮೂರಾಗಿ ಒಡೆದದ್ದರಿಂದ ವೇಗ ಬರಲಿಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಲವರು ಹಾಗೆ ನಂಬಿ ಹಣ ಖರ್ಚು ಮಾಡುತ್ತಾರೆ. ಮೂರೂ ಜಾಲಗಳು ಹೊರಹೋಗುವುದು ಒಂದೇ ಸಾಲಿನಿಂದ. ಪಿಂಗ್ 900ರಿಂದ 30ರ ಆಸುಪಾಸಿಗೆ ಇಳಿದದ್ದು ಎಸ್‌ಕ್ಯೂಎಂ (ದಟ್ಟಣೆಯ ಸರತಿ ನಿಭಾಯಿಸುವ ತಂತ್ರಾಂಶ) ಹಾಕಿ ಅಪ್‌ಲೋಡನ್ನು 18 ಎಂಬಿಪಿಎಸ್‌ಗೆ, ಅಂದರೆ ಸಾಲಿನ ಸಾಮರ್ಥ್ಯಕ್ಕಿಂತ ತುಸು ಕಡಿಮೆಗೆ, ಮಿತಿಗೊಳಿಸಿದ ಮೇಲೆ. ಆಗ ದಟ್ಟಣೆಯ ಸರತಿ ಸೇವಾದಾರರ ಪೆಟ್ಟಿಗೆಯಲ್ಲಿ ಬೆಳೆಯದೆ ನಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಯಾರನ್ನು ಮೊದಲು ಬಿಡಬೇಕೆಂಬ ತೀರ್ಮಾನವೂ ನಮ್ಮ ಕೈಯಲ್ಲಿರುತ್ತದೆ. ವಿಭಜನೆಯಿಂದ ಸಿಕ್ಕಿದ್ದು ಸುರಕ್ಷತೆ. ಎರಡನ್ನೂ ಒಂದೇ ಸಂಜೆ ಮಾಡಿದ್ದರಿಂದ ಕಚೇರಿಯವರಿಗೆ ಎರಡೂ ಒಂದೇ ಎಂದು ತೋರಿತು. ಬೇರೆ ಬೇರೆ ದಿನ ಮಾಡಿದ್ದರೆ ಚೆನ್ನಾಗಿತ್ತು.

ಮೌನವಾಗಿ ಆದ ಹಿನ್ನಡೆ

ಬುಧವಾರ ಸಹಾಯಕನ ಫೋನ್ ಬಂತು. ಹಾಜರಾತಿ ತಂತ್ರಾಂಶದಲ್ಲಿ ಸೋಮವಾರದಿಂದ ಯಾರ ಹಾಜರಿಯೂ ಬಂದಿಲ್ಲ ಎಂದ. ಯಂತ್ರದ ಹೊಸ ವಿಳಾಸವನ್ನು ಶನಿವಾರವೇ ಇಬ್ಬರೂ ಸೇರಿ ತಂತ್ರಾಂಶದಲ್ಲಿ ಬದಲಿಸಿದ್ದೆವು, ಅಂದು ಕೆಲಸವೂ ಮಾಡಿತ್ತು. ರೌಟರ್‌ನೊಳಗೆ ಹೋಗಿ ನೋಡಿದರೆ 20 ಮತ್ತು 30ರ ಜಾಲಗಳೇ ಇಲ್ಲ. ಎಲ್ಲವೂ ಹಳೆಯಂತೆ ಒಂದೇ ಬಯಲು.

ಲಾಗ್‌ನಲ್ಲಿ ಏನೂ ಉಳಿದಿರಲಿಲ್ಲ, ಅದು ಇರುವುದೂ ಮೆಮೊರಿಯಲ್ಲೇ. ಕ್ರಾನ್ ಪಟ್ಟಿ ತೆರೆದೆ, ಅದು ಖಾಲಿಯಿತ್ತು. ಆ ಖಾಲಿ ಪುಟ ನೋಡಿದಾಗ ನಡೆದದ್ದೆಲ್ಲ ತಿಳಿಯಿತು. ಆ ಸಾಲನ್ನು ನಾನು ಅಳಿಸಿರಲಿಲ್ಲ, ಆದ್ದರಿಂದ ಸ್ಕ್ರಿಪ್ಟೇ ಅಳಿಸಿದೆ, ಅಂದರೆ ಅದು ಓಡಿದೆ. ಭಾನುವಾರ ರಾತ್ರಿ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು ರೌಟರ್ ಆರಿತ್ತು ಎಂದು ಸಹಾಯಕ ಹೇಳಿದ. ಟೆಂಪ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ. ಕರೆಂಟ್ ಹೋದರೆ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ನಾನಿಟ್ಟ ‘ಸರಿ’ ಎಂಬ ಗುರುತೂ ಹೋಯಿತು. ಬೆಳಗ್ಗೆ ಕರೆಂಟ್ ಬಂದು ರೌಟರ್ ಎದ್ದಾಗ ಕಾವಲಿನ ಸ್ಕ್ರಿಪ್ಟ್ ತನ್ನ ಕರ್ತವ್ಯವನ್ನು ತಪ್ಪದೆ ಮಾಡಿ ಎಲ್ಲವನ್ನೂ ಹಿಂದಕ್ಕೆ ಒಯ್ದಿತ್ತು.

ಇದಕ್ಕಿಂತ ಹೆಚ್ಚು ನನ್ನನ್ನು ಯೋಚನೆಗೆ ಹಚ್ಚಿದ್ದು, ಮೂರು ದಿನ ಅದು ಯಾರಿಗೂ ತಿಳಿಯದೆ ಹೋದದ್ದು. ಕಚೇರಿಯ ವಿಳಾಸಗಳನ್ನು ಹಳೆಯಂತೆಯೇ ಉಳಿಸಿದ್ದರಿಂದ ಡೆಸ್ಕ್‌ಟಾಪ್‌ಗಳು ಎರಡೂ ಸ್ಥಿತಿಯಲ್ಲಿ ಸಲೀಸಾಗಿ ಓಡಿದವು. ಅತಿಥಿ ವೈ-ಫೈ ಕೆಲಸ ಮಾಡಲಿಲ್ಲ, ಆದರೆ ಬಂದವರು ಮೊಬೈಲ್ ಡೇಟಾ ಬಳಸಿಕೊಂಡು ಸುಮ್ಮನಾದರು. ಕ್ಯಾಮೆರಾ ಫೋನಿನಲ್ಲಿ ಕಾಣದಿದ್ದಾಗ ಆ್ಯಪ್ ಕೆಟ್ಟಿರಬೇಕೆಂದು ಆಡಿಟರ್ ಭಾವಿಸಿದರು. ಯಾವ ತೀರ್ಮಾನ ಬದಲಾವಣೆಯನ್ನು ಸುಲಭಗೊಳಿಸಿತ್ತೋ ಅದೇ ಹಿನ್ನಡೆಯನ್ನು ಮುಚ್ಚಿಟ್ಟಿತ್ತು. ವಿಳಾಸ ಉಳಿಸಿದ್ದು ತಪ್ಪೆಂದು ಈಗಲೂ ಅನ್ನಿಸುವುದಿಲ್ಲ. ಮರುಚಾಲನೆಯ ಪರೀಕ್ಷೆ ಮಾಡದೆ ಶನಿವಾರ ಎದ್ದುಹೋದದ್ದು ತಪ್ಪು. ಕೆಲಸ ಮುಗಿದ ಮೇಲೆ ರೌಟರ್‌ನ ಪ್ಲಗ್ ಒಮ್ಮೆ ಎಳೆದು ಸಿಕ್ಕಿಸಿ, ಒಂದು ಚಹಾದ ಹೊತ್ತು ಕಾದಿದ್ದರೆ ಇದು ಅಲ್ಲೇ ಗೊತ್ತಾಗುತ್ತಿತ್ತು.

ತಿದ್ದುಪಡಿಯ ನಂತರ

ಬ್ಯಾಚ್ ಫೈಲ್ ಕೈಯಲ್ಲಿದ್ದುದರಿಂದ ಮರುಹೊಂದಿಕೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಕಾವಲಿನ ವಿಧಾನವನ್ನು ಮಾತ್ರ ತಲೆಕೆಳಗು ಮಾಡಿದೆ. ಈಗ ಗುರುತಿನ ಫೈಲ್ ಎಂಬುದೇ ಇಲ್ಲ. ಕ್ರಾನ್‌ನಲ್ಲಿ ಸಾಲು ಇರುವವರೆಗೂ ಹಿಂತಿರುಗುವುದು ಖಚಿತ. ಬದಲಾವಣೆ ಸರಿಯಿದೆ ಎಂದು ದೃಢಪಡಿಸುವುದೆಂದರೆ ಆ ಸಾಲನ್ನೇ ತೆಗೆಯುವುದು. ಕ್ರಾನ್ ಪಟ್ಟಿ ಇರುವುದು ಖಾಯಂ ಪದರದಲ್ಲಾದ್ದರಿಂದ ಕರೆಂಟ್ ಹೋದರೂ ದೃಢೀಕರಣ ಉಳಿಯುತ್ತದೆ. ಮೊದಲಿನ ವಿಧಾನದಲ್ಲಿ ನಾನು ಅಪಾಯವನ್ನು ಹಾಗೇ ಬಿಟ್ಟು ಅದರ ಮೇಲೆ ತಾತ್ಕಾಲಿಕ ಮುಚ್ಚಳ ಇಟ್ಟಿದ್ದೆ.

ಆಡಿಟರ್ ಜೊತೆ ಒಂದು ಒಪ್ಪಂದವೂ ಆಯಿತು: 8ರಿಂದ 20ರವರೆಗೆ ಜಾಲಕ್ಕೆ ಸಂಬಂಧಿಸಿದ ಯಾವ ಬದಲಾವಣೆಯೂ ಇಲ್ಲ, ಎಷ್ಟೇ ಚಿಕ್ಕದಿರಲಿ. ನಾಲ್ಕನೇ ಪೋರ್ಟ್‌ಗೆ ಕೆಂಪು ಟೇಪ್ ಸುತ್ತಿ, ಅದರ ವಿಳಾಸವನ್ನೂ ಫೇಲ್‌ಸೇಫ್‌ನ ಆರು ಹೆಜ್ಜೆಗಳನ್ನೂ ಒಂದು ಹಾಳೆಯಲ್ಲಿ ಮುದ್ರಿಸಿ ರೌಟರ್ ಇರುವ ಕಪಾಟಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇವೆ. ಗೋಡೆಯ ಮೇಲಿನ ಹಳೆಯ ಪಾಸ್‌ವರ್ಡ್ ಚೀಟಿಯ ಜಾಗದಲ್ಲಿ ಈಗ ಅತಿಥಿ ವೈ-ಫೈನ ಚೀಟಿ ಇದೆ. ಆ ಜಾಲಕ್ಕೆ ಸೇರಿದ ಫೋನ್‌ಗಳು ಇಂಟರ್ನೆಟ್ ನೋಡುತ್ತವೆ, ಒಂದನ್ನೊಂದು ನೋಡಲಾರವು.

ಎರಡು ತಿಂಗಳ ನಂತರ ಶಾಖೆಯ ರೌಟರನ್ನು ಹೊಂದಿಸಿದ್ದು ಆ ಸಹಾಯಕನೇ. ನಾನು ಫೋನಿನಲ್ಲಿದ್ದೆ ಅಷ್ಟೆ. ಫೈಲಿನಲ್ಲಿ ಬದಲಿಸಬೇಕಾದದ್ದು ಪೋರ್ಟ್‌ಗಳ ಮೂರು ಸಾಲುಗಳನ್ನು ಮಾತ್ರ. ಎಲ್ಲ ಮುಗಿದ ಮೇಲೆ ಕ್ರಾನ್ ಸಾಲು ತೆಗೆದು, ಪ್ಲಗ್ ಎಳೆದು ಸಿಕ್ಕಿಸಿ, ಮೂರೂ ಜಾಲಗಳಿಂದ ಪಿಂಗ್ ಮಾಡಿ ನೋಡಿ, ಫಲಿತಾಂಶವನ್ನು ನನಗೆ ಓದಿ ಹೇಳಿದ. ಫರ್ಮ್‌ವೇರ್ ನವೀಕರಿಸುವಾಗ ರೂಟ್ ಫೋಲ್ಡರಿನಲ್ಲಿರುವ ಹಳೆಯ ಪ್ರತಿಗಳು ತಾವಾಗಿ ಉಳಿಯುವುದಿಲ್ಲ, ಅವುಗಳ ದಾರಿಯನ್ನು ನವೀಕರಣದ ಆಜ್ಞೆ ಸಿಸ್‌ಅಪ್‌ಗ್ರೇಡ್ ಉಳಿಸಿಕೊಳ್ಳುವ ಫೈಲುಗಳ ಪಟ್ಟಿಗೆ ಸೇರಿಸಬೇಕು ಎಂಬುದನ್ನು ಅವನಿಗೆ ಆ ದಿನ ಹೇಳಿದೆ. ಅದನ್ನು ಅವನು ಕಪಾಟಿನ ಹಾಳೆಯ ಕೆಳಗೆ ಏಳನೇ ಹೆಜ್ಜೆಯಾಗಿ ಪೆನ್ನಿನಲ್ಲಿ ಬರೆದಿದ್ದಾನೆ.